ಮೊಣಕಾಲಿನ ಬಸಳೆ

ಚಪ್ಪಲಿ ಅಂಗಡಿಗೆ ಹೋಗಿ "ಒಂದು ಜೊತೆ ಕೊಡಿ" ಎಂದು ಕೇಳುವ ಭಾಗ್ಯ ತೆಂಕಬೈಲಿನ ವಾರಿಜಕ್ಕನಿಗೆ ಬಂದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಅವಳು ಒಂಟಿ ಚಪ್ಪಲಿಯ ಹೆಂಗಸು. ಬಲಗಾಲಿಗೆ ಚಪ್ಪಲಿ, ಎಡಗಾಲಿಗೆ ಗಂಡನ ಹಳೆಯ ಪಂಚೆಯ ಸುತ್ತು. ಊರಿನಿಂದ ಆನೆಕಾಲು ರೋಗ ಹೋಗಿ ಎಷ್ಟೋ ಕಾಲವಾಗಿತ್ತು. ಆರೋಗ್ಯ ಇಲಾಖೆಯವರು ಬಂದು, ಸಭೆ ಮಾಡಿ, ಚಾ ಕುಡಿದು, ರೋಗ ಹೋಯಿತು ಎಂದು ಹೇಳಿಯೂ ಹೋಗಿದ್ದರು. ರೋಗವೇನೋ ಹೋಯಿತು, ಕಾಲು ಎಲ್ಲಿಗೆ ಹೋಗಬೇಕು? ಅದು ವಾರಿಜಕ್ಕನ ಜೊತೆಯಲ್ಲೇ ಉಳಿಯಿತು. ಮದುವೆ ಮನೆಯಲ್ಲಿ ಕೊನೆಯ ಸಾಲಿನ ಕುರ್ಚಿ ಹುಡುಕುವುದು, ಕಾಲನ್ನು ಕುರ್ಚಿಯ ಅಡಿಗೆ ತಳ್ಳುವುದು, ಫೋಟೋಗೆ ಕರೆದರೆ ತಲೆನೋವು ಅನ್ನುವುದು, ಇವೆಲ್ಲ ಅವಳಿಗೆ ಅಭ್ಯಾಸವಾಗಿ ಹೋಗಿದ್ದವು.

ಗಂಡ ದೂಮಪ್ಪ ಪೂಜಾರಿ ಮೂರ್ತೆ ಮಾಡಿದವನು, ಅಂದರೆ ತೆಂಗಿನ ಮರ ಹತ್ತಿ ಹೊಂಬಾಳೆಗೆ ಕುಡಿಕೆ ಕಟ್ಟಿ ಕಳ್ಳು ಇಳಿಸಿದವನು. ನಲವತ್ತು ವರ್ಷ ಆ ಕೆಲಸ ಮಾಡಿ, ಮೈ ಒಪ್ಪುವುದಿಲ್ಲ ಎಂದು ಮರ ಬಿಟ್ಟಿದ್ದ. ಆದರೆ ಬೆಳಿಗ್ಗೆ ಐದಕ್ಕೆ ಏಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಎದ್ದವನಿಗೆ ಹತ್ತಲು ಮರವಿಲ್ಲ, ಸುಮ್ಮನೆ ಕೂರಲು ಬರುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಕುಟ್ಟುತ್ತಿದ್ದ. ವಾರಿಜಕ್ಕನ ಮಟ್ಟಿಗೆ ಅದು ಆನೆಕಾಲಿಗಿಂತ ದೊಡ್ಡ ಉಪದ್ರ.

ಮಂಗಳೂರಿನಲ್ಲಿ ಬಾತ ಕೈಕಾಲಿಗೆ ಚಿಕಿತ್ಸೆ ಕೊಡಲು ಹೊಸದಾಗಿ ತೆರೆದಿದ್ದ ನಾಳಕೇಂದ್ರಕ್ಕೆ ಅವಳನ್ನು ಎಳೆದುಕೊಂಡು ಹೋದದ್ದು ಇದೇ ದೂಮಪ್ಪ. ಡಿಸೆಂಬರ್ ತಿಂಗಳು. ಅಲ್ಲಿನ ಡಾಕ್ಟರು ವಿಜಯಪುರದ ಕಡೆಯವರು, ಹೆಸರು ನೀಲಗಂಗಾ ಬಿರಾದಾರ. ನಲವತ್ತರ ಆಸುಪಾಸಿನ ಹೆಂಗಸು. ಕಾಲನ್ನು ನೋಡಿ ಮುಖ ಆಚೆ ತಿರುಗಿಸಲಿಲ್ಲ, ಅಯ್ಯೋ ಅನ್ನಲಿಲ್ಲ. ನೆಲದ ಮೇಲೆ ಕೂತು, ಆ ಕಾಲನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು ಟೇಪು ಸುತ್ತಿದರು. ಐವತ್ತೆಂಟು ಸೆಂಟಿಮೀಟರ್. ವಾರಿಜಕ್ಕನ ಕಣ್ಣಿನಲ್ಲಿ ನೀರು ತುಂಬಿಕೊಂಡಿತು. ಇಪ್ಪತ್ತಾರು ವರ್ಷದಲ್ಲಿ ಗಂಡನನ್ನು ಬಿಟ್ಟು ಬೇರೆ ಯಾರೂ ಆ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಿರಲಿಲ್ಲ.

"ನೋಡ್ರಿ ಅಮ್ಮಾರ," ಅಂದರು ಡಾಕ್ಟರು. "ನಮ್ಮ ಮೈಯಾಗ ಎರಡು ಹರಿವು ಅದಾವು. ಒಂದು ರಕ್ತ, ಅದಕ್ಕ ಹೃದಯ ಅನ್ನೋ ಪಂಪ್ ಐತಿ. ಇನ್ನೊಂದು ದುಗ್ಧರಸ. ರಕ್ತದಿಂದ ಜಿನುಗಿ ಹೊರಗ ಬಿದ್ದ ನೀರನ್ನ ತಿರುಗಿ ಮ್ಯಾಲೆ ಒಯ್ಯೋದು ಅದರ ಕೆಲಸ. ಅದಕ್ಕ ಅಂಥಾ ಪಂಪ್ ಇಲ್ಲ. ನಿಮ್ಮ ಕಾಲಾಗಿನ ಹುಳ ಸತ್ತು ಹೋಗ್ಯಾವು, ಆದ್ರ ಹೋಗೋ ಮುಂದ ಆ ನಾಳ ಎಲ್ಲಾ ಕೆಡಿಸಿ ಹೋಗ್ಯಾವು. ನೀರು ಇಳೀತೈತಿ, ಏರಾಂಗಿಲ್ಲ."

"ತೆಂಗಿನ ಮರಕ್ಕೂ ಪಂಪಿಲ್ಲ," ಅಂದ ದೂಮಪ್ಪ, ಬಾಗಿಲ ಬಳಿ ನಿಂತಲ್ಲಿಂದಲೇ. "ಆದ್ರೂ ತುದಿಯ ಎಳನೀರಿನಲ್ಲಿ ನೀರು ಉಂಟು."

ಡಾಕ್ಟರು ತಿರುಗಿ ಅವನನ್ನು ನೋಡಿ ನಕ್ಕರು. "ಅದನ್ನೇ ಹೇಳಾಕ ಹೊಂಟಿದ್ದೆ. ಅಲ್ಲಿ ಎಲಿ ಎಳೀತೈತಿ. ಬಿಸಿಲಿಗೆ, ಗಾಳಿಗೆ ಎಲಿಯಿಂದ ನೀರು ಆವಿಯಾಗಿ ಹೋಗತೈತಿ. ಹೋದ ಹನಿ ತನ್ನ ಹಿಂದಿನ ಹನೀನ ಎಳಕೊಳ್ಳತೈತಿ, ಅದು ಅದರ ಹಿಂದಿಂದನ್ನ. ಹಂಗ ಬೇರಿನ ತನಕ. ಅಂಥಾ ಬೇರು ನಿಮ್ಮ ಕಾಲಾಗಿದ್ದು, ಎಲಿ ಹೊರಗಿದ್ರ?"

ಅದೇ ಎಲೆಪಟ್ಟಿ. ಮೀನಖಂಡದ ಚರ್ಮದ ಕೆಳಗೆ ಕೂದಲಿಗಿಂತ ಸಣ್ಣ ಬೇರುಗಳು, ಒಂದೊಂದು ಬೇರಿಗೂ ರೇಷ್ಮೆಯ ತೆಳುವಾದ ಕೊಳವೆ. ಆ ಕೊಳವೆಯಲ್ಲಿ ನೀರು, ಉಪ್ಪು ಹಾದುಹೋಗುತ್ತವೆ. ಬೇರನ್ನು ತಿನ್ನಲು ಬರುವ ರಕ್ತಕಣ ಹಾಯಲಾರದು. ಮೊಣಕಾಲಿನ ಕೆಳಗೆ ಅಂಗಿಯ ಗುಂಡಿಯಷ್ಟು ಜಾಗದಲ್ಲಿ ದಂಟು ಹೊರಗೆ ಬಂದು, ಮೆತ್ತನೆಯ ಪಟ್ಟಿಯ ಮೇಲೆ ಎಲೆ ಬಿಟ್ಟುಕೊಂಡು ಮೊಣಕಾಲಿನ ಸುತ್ತ ಹಬ್ಬುತ್ತದೆ. ಮೇಲಕ್ಕೆ ನೀರು ಹೋಗುತ್ತದೆ, ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿದು ಬರುತ್ತದೆ.

"ಸಕ್ಕರೆ ಕಾಲಿಗೆ ಇಳಿದ್ರೆ ನನಗೆ ಸಕ್ಕರೆ ಕಾಯಿಲೆ ಬರ್ಲಿಕ್ಕಿಲ್ವಾ ಡಾಕ್ಟ್ರೇ?"

"ಇಲ್ಲವ್ವಾ, ಅದು ಬೇರಿನ ಊಟ. ನಿಮಗ ಒಂದು ಚಮಚನೂ ಕೊಡಾಂಗಿಲ್ಲ."

"ಯಾವ ಗಿಡ ಇದು?"

"ಬಸಳಿ."

ವಾರಿಜಕ್ಕ ಗಂಡನ ಮುಖ ನೋಡಿದಳು. ಯಾವುದೋ ಪರದೇಶದ ಬಳ್ಳಿ ಇರಬಹುದು ಎಂದುಕೊಂಡಿದ್ದಳು. "ನಮ್ಮ ಬಸಳೆಯಾ? ಅನ್ನಕ್ಕೆ ಪದಾರ್ಥ ಮಾಡುವ ಬಸಳೆಯಾ?"

ಅದೇ ಬಸಳೆ, ಆದರೆ ಪ್ರಯೋಗಾಲಯದಲ್ಲಿ ತಿದ್ದಿದ್ದು. ಹಾಗಾಗಿ ಸಹಿ ಹಾಕಿಸಿಕೊಂಡ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತು ಇತ್ತು. ಬಳ್ಳಿ ಉದ್ದವಾದಾಗ ಕತ್ತರಿಸಿದ ತುಂಡುಗಳನ್ನೆಲ್ಲ ಕೇಂದ್ರದವರು ಕೊಟ್ಟ ಚೀಲದಲ್ಲಿ ಹಾಕಿ, ಬಾಯಿ ಮುಚ್ಚಿ, ಮರಳಿ ತರಬೇಕು. ಒಂದು ಎಲೆಯೂ ಮಣ್ಣಿಗೆ ಬೀಳಬಾರದು. ವಾರಿಜಕ್ಕ ಸಹಿ ಹಾಕಿದಳು. ಆ ದಿನ ಅವಳು ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕುತ್ತಿದ್ದಳು.

ಜನವರಿಯಲ್ಲಿ ಪಟ್ಟಿ ಕಟ್ಟಿಸಿಕೊಂಡ ಮೇಲೆ ಅವಳ ದಿನಚರಿಯೇ ಬೇರೆಯಾಯಿತು. ಬೆಳಗಿನ ತಿಂಡಿ ಮುಗಿಸಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಬಿಸಿಲಿಗೆ ಕೂರಬೇಕು. ಇಷ್ಟು ಕಾಲ ಮುಚ್ಚಿಟ್ಟ ಕಾಲನ್ನು ದಾರಿಯಲ್ಲಿ ಹೋಗುವವರ ಎದುರು ಬಿಚ್ಚಿಡುವುದೆಂದರೆ ಸುಮ್ಮನೆಯೇ? ಮೊದಲ ವಾರ ದೂಮಪ್ಪ ಪೇಪರ್ ಬಿಡಿಸಿಕೊಂಡು ಅವಳ ಎದುರಿಗೆ ಅಡ್ಡವಾಗಿ ಕೂತ. ಎರಡನೆಯ ವಾರ ಆಚೆಮನೆಯ ಲಿಲ್ಲಿ ಬಾಯಿ ಬೇಲಿಯ ಮೇಲಿನಿಂದ ಕತ್ತು ಚಾಚಿ, "ವಾರಿಜಾ, ನಿನ್ನ ಕಾಲಿನಲ್ಲಿ ಎರಡು ದಿನದ ಪದಾರ್ಥಕ್ಕೆ ಸೊಪ್ಪು ಉಂಟಲ್ಲ ಮಾರಾಯ್ತಿ," ಅಂದಳು. ಇಬ್ಬರೂ ನಕ್ಕರು. ಅಲ್ಲಿಗೆ ನಾಚಿಕೆ ಅರ್ಧ ಇಳಿಯಿತು. ಕಾಲು ಕೂಡ ಇಳಿಯತೊಡಗಿತು. ಐವತ್ತೆಂಟು ಇದ್ದದ್ದು ಐವತ್ತೆರಡು, ಮಾರ್ಚಿಗೆ ನಲವತ್ತಾರು, ಏಪ್ರಿಲ್ ಕೊನೆಗೆ ನಲವತ್ತು. ದೂಮಪ್ಪ ಪ್ರತಿ ಅಳತೆಯನ್ನೂ ಕ್ಯಾಲೆಂಡರಿನಲ್ಲಿ, ಹಿಂದೆ ಕಳ್ಳಿನ ಕುಡಿಕೆಗೆ ಗೆರೆ ಹಾಕುತ್ತಿದ್ದ ಹಾಗೆ, ಗೆರೆ ಹಾಕಿ ಬರೆದಿಟ್ಟ.

ಆಮೇಲೆ ಚಪ್ಪಲಿ. ಕಂದು ಬಣ್ಣದ ಚರ್ಮದ್ದು, ಹಿಮ್ಮಡಿಗೆ ಬಕಲು. ಹಾಕಿಕೊಂಡು ಅಂಗಡಿಯ ಕನ್ನಡಿಯ ಎದುರು ಅವಳು ಎಷ್ಟು ಸಲ ಅತ್ತಿಂದಿತ್ತ ನಡೆದಳೆಂದರೆ, ಅಂಗಡಿಯವನು "ಅಕ್ಕ, ಸವೆದುಹೋಗ್ತದೆ" ಅಂದ.

ಇಷ್ಟೆಲ್ಲ ಸರಿಯಾಗಿ ನಡೆಯುವಾಗ ಅವಳೊಂದು ತಪ್ಪು ಮಾಡಿದ್ದಳು. ತಪ್ಪು ಮಾಡಿದ್ದು ಅವಳೋ ಅವಳ ಕೈಯೋ ಹೇಳುವುದು ಕಷ್ಟ. ಮಾರ್ಚಿನಲ್ಲಿ ಒಂದು ದಿನ ಕೇಂದ್ರದವರು ಕಲಿಸಿದ ಹಾಗೆ ಬಳ್ಳಿಯ ತುದಿ ಕತ್ತರಿಸಿ ಚೀಲಕ್ಕೆ ಹಾಕುತ್ತಿದ್ದಳು. ಗೇಣುದ್ದದ ಒಂದು ದಂಟು ಕೈಯಲ್ಲಿ ಉಳಿಯಿತು, ರಸ ತುಂಬಿದ, ನೇರಳೆ ಬಣ್ಣದ ದಂಟು. ನಮ್ಮ ಕಡೆಯಲ್ಲಿ ಬಸಳೆ ದಂಟನ್ನು ಎಸೆಯುವವರು ಯಾರೂ ಇಲ್ಲ. ಪದಾರ್ಥಕ್ಕೆ ಹೆಚ್ಚುವಾಗಲೂ ಬುಡದ ಎರಡು ತುಂಡು ಉಳಿಸಿ ಊರುತ್ತಾರೆ, ಕೇಳಿದವರಿಗೆ ಕೊಡುತ್ತಾರೆ, ಕೇಳದವರಿಗೂ ಕೊಡುತ್ತಾರೆ. ಅವಳು ಸೀದಾ ಎದ್ದು ಹೋಗಿ, ಬಚ್ಚಲಿನ ನೀರು ಹರಿಯುವ ಜಾಗದಲ್ಲಿ ಬೆರಳಿನಿಂದ ಮಣ್ಣು ಸರಿಸಿ, ದಂಟನ್ನು ಊರಿ ಬಂದಳು. ಕೈ ತೊಳೆಯುವಾಗ ನೆನಪಾಯಿತು. ಹೋಗಿ ಕೀಳಬೇಕೆಂದುಕೊಂಡಳು. ನಾಳೆ ಕೀಳುತ್ತೇನೆ ಎಂದುಕೊಂಡಳು. ಮೂರು ದಿನ ಬಿಟ್ಟು ನೋಡಿದರೆ ಅದು ಚಿಗುರಿಬಿಟ್ಟಿತ್ತು. ಚಿಗುರಿದ್ದನ್ನು ಕೀಳಲು ಮನಸ್ಸು ಬರಬೇಕಲ್ಲ?

ಗಂಡನಿಗೂ ಹೇಳಲಿಲ್ಲ. ಮೇ ತಿಂಗಳಲ್ಲಿ ಲಿಲ್ಲಿ ಬಾಯಿ ಆ ಬಳ್ಳಿಯನ್ನು ಕಂಡು, "ಇದರ ಎಲೆ ಭಾರಿ ದಪ್ಪ ಉಂಟು, ಒಂದು ದಂಟು ಕೊಡು," ಅಂದಾಗ ವಾರಿಜಕ್ಕ ಜೀವಮಾನದಲ್ಲಿ ಮೊದಲ ಬಾರಿಗೆ ಬಸಳೆ ದಂಟು ಕೊಡುವುದಿಲ್ಲ ಅಂದಳು. ಲಿಲ್ಲಿ ಬಾಯಿ ನಂಬಲಿಲ್ಲ, ಇನ್ನೊಂದು ಸಲ ಕೇಳಿದಳು. ಆಮೇಲೆ ಮಾತು ಬಿಟ್ಟಳು.

ಜೂನ್ ಬಂತು. ಮಳೆ ಹಿಡಿಯಿತು.

ಕರಾವಳಿಯ ಮಳೆಗಾಲದ ಗಾಳಿ ಹೇಗಿರುತ್ತದೆಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಟ್ಟೆಯ ನೀರೇ ಆರದ ಗಾಳಿಯಲ್ಲಿ ಎಲೆಯ ನೀರು ಆರುತ್ತದೆಯೇ? ಎಲೆ ಎಳೆಯುವುದನ್ನು ನಿಲ್ಲಿಸಿತು. ಕಾಲು ನಲವತ್ತರಿಂದ ನಲವತ್ತಮೂರಕ್ಕೆ ಬಂತು, ನಲವತ್ತೈದಕ್ಕೆ ಬಂತು. ಬಕಲು ಕೊನೆಯ ತೂತಿಗೂ ಸಿಗಲಿಲ್ಲ. ಒಂದು ಬೆಳಿಗ್ಗೆ ವಾರಿಜಕ್ಕ ಚಪ್ಪಲಿಯ ಜೊತೆಯನ್ನು ಎತ್ತಿ ಕಟ್ಟಿಗೆ ಕೊಟ್ಟಿಗೆಗೆ ಎಸೆದು, ಹಳೆಯ ಪಂಚೆಯ ತುಂಡು ಹುಡುಕತೊಡಗಿದಳು.

ದೂಮಪ್ಪ ಸುಮ್ಮನಿರುವವನಲ್ಲ. ಟೇಬಲ್ ಫ್ಯಾನ್ ತಂದು ಮೊಣಕಾಲಿಗೆ ಇಟ್ಟ. ಫ್ಯಾನು ಒದ್ದೆ ಗಾಳಿಯನ್ನೇ ಬೀಸಿತು. ಬಚ್ಚಲೊಲೆಗೆ ಬೆಂಕಿ ಹಾಕಿ ಎದುರಿಗೆ ಕೂರಿಸಿದ. ಕಾಲು ಇಳಿಯುವ ಮೊದಲು ಎರಡು ಎಲೆ ಬಾಡಿ ಸುಟ್ಟುಹೋದವು, ವಾರಿಜಕ್ಕ ಕೆಮ್ಮಿ ಕೆಮ್ಮಿ ಬೈದಳು. "ನೀವು ನನ್ನ ಕಾಲು ಒಣಗಿಸುದಾ, ಮೀನು ಒಣಗಿಸುದಾ?"

ಕೇಂದ್ರದಲ್ಲೂ ಇದೇ ಕಥೆ. ಒಳಕೋಣೆಯ ಪರದೆಯ ಮೇಲೆ ಹನ್ನೆರಡು ಜನರ ಎಲೆಪಟ್ಟಿಗಳಲ್ಲಿ ಗಂಟೆಗೆ ಎಷ್ಟು ರಸ ಏರುತ್ತದೆಂದು ತೋರಿಸುವ ಹನ್ನೆರಡು ಗೆರೆಗಳಿದ್ದವು. ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಗುಡ್ಡ ಏರಿದ ಹಾಗೆ ಏರುತ್ತಿದ್ದ ಆ ಗೆರೆಗಳು ಈಗ ಹಾಸಿ ಮಲಗಿದ್ದವು. ನೀಲಗಂಗಾ ಡಾಕ್ಟರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ವಿಜಯಪುರದಾಗ ಎರಡು ವರ್ಷ ನಡಸೀನವ್ವಾ, ಒಂದು ದಿನಾನೂ ಹಿಂಗ ಆಗಿಲ್ಲ," ಅಂದರು. "ಅಲ್ಲಿ ಮಳಿಗಾಲದಾಗೂ ಗಾಳಿ ಒಣಾನ ಇರತೈತಿ. ನಾನು ಈ ಗಾಳೀನ ಲೆಕ್ಕಕ್ಕ ಹಿಡೀಲಿಲ್ಲ."

"ಎಲೆಯಲ್ಲಿ ಬೆಳಿಗ್ಗೆ ನೀರು ತುಂಬಿದ ಹಾಗೆ ಕಪ್ಪು ಕಪ್ಪು ಕಾಣ್ತದೆ ಡಾಕ್ಟ್ರೇ."

"ಅದು ಕೊಳೆ ರೋಗ ಇರಬೇಕು. ಔಷಧ ಹಚ್ಚತೀನಿ."

ನಿಯಮ ಕೂಡ ಹೇಳಿದರು. ರಸ ಏರದೆ ನಿಂತರೆ ಬೇರು ಕೊಳೆಯಬಹುದು, ಕೊಳೆತರೆ ಕಾಲಿಗೇ ಅಪಾಯ. ಹಾಗಾಗಿ ಅಳತೆ ಐವತ್ತು ದಾಟಿದವರ ಕಾಲಿನಿಂದ ಎಲೆಪಟ್ಟಿಯನ್ನು ತೆಗೆದುಹಾಕಬೇಕೆಂದು ಸುರಕ್ಷತಾ ಸಮಿತಿ ಗೊತ್ತುಮಾಡಿತ್ತು. ತೆಗೆದ ಮೇಲೆ ಅದೇ ಕಾಲಿಗೆ ಎರಡನೆಯ ಬಾರಿ ಬೇರು ಬಿಡುವುದು ಸಾಧ್ಯವಿಲ್ಲ. ಮೂವರದು ಆಗಲೇ ತೆಗೆದಾಗಿತ್ತು. ಆ ದಿನ ವಾರಿಜಕ್ಕನ ಕಾಲು ನಲವತ್ತೇಳು.

ಬಸ್ಸಿಳಿದು ಮನೆಯ ಹತ್ತಿರ ಬಂದಾಗ ವಾರಿಜಕ್ಕ, "ಮೊದಲೇ ಕೊಡದೆ ಇದ್ದಿದ್ರೆ ಒಳ್ಳೇದಿತ್ತು," ಅಂದಳು. "ನಾಲ್ಕು ತಿಂಗಳು ಕೊಟ್ಟು ವಾಪಸ್ ತಗೊಳ್ಳುದು ಎಂತಕ್ಕೆ?" ದೂಮಪ್ಪ ಅವಳ ಕೈಯಿಂದ ಕೊಡೆ ತೆಗೆದುಕೊಂಡು ಅವಳ ಕಡೆಗೇ ಹೆಚ್ಚು ಹಿಡಿದ.

ಬಚ್ಚಲಿನ ಹಿಂದಿನ ಬಸಳೆಯನ್ನು ಅಷ್ಟರಲ್ಲಿ ಅವಳು ಮರೆತೇ ಬಿಟ್ಟಿದ್ದಳು. ಮನೆಯ ಹೇಂಟೆ ಮರೆತಿರಲಿಲ್ಲ. ಜೂನ್ ಕೊನೆಯಲ್ಲಿ ಅದು ಬಳ್ಳಿಯನ್ನು ಕುಕ್ಕಿ, ಕೆದಕಿ, ನೆಲಮಟ್ಟ ಮಾಡಿತ್ತು. ಪೀಡೆ ಹೋಯಿತು ಎಂದು ವಾರಿಜಕ್ಕ ಒಳಗೊಳಗೆ ನೆಮ್ಮದಿಪಟ್ಟಿದ್ದಳು. ಆದರೆ ಬಸಳೆ ಅಷ್ಟು ಸುಲಭಕ್ಕೆ ಸಾಯುವ ಜಾತಿಯೇ? ಮಣ್ಣಿನೊಳಗೆ ಉಳಿದ ಬೇರಿನಿಂದಲೇ ಹೊಸ ಚಿಗುರು ಬಂದು, ಜುಲೈ ಎರಡನೆಯ ವಾರಕ್ಕೆ ಮೊಳ ಎತ್ತರವಾಗಿತ್ತು.

ಅದನ್ನು ಕಂಡವನು ದೂಮಪ್ಪ, ಬೆಳಿಗ್ಗೆ ಐದೂವರೆಗೆ. ಎಲೆಯ ಅಂಚಿನ ಉದ್ದಕ್ಕೂ ಹನಿಗಳು ಸಾಲಾಗಿ ಕೂತಿದ್ದವು. ಪಕ್ಕದ ಕೆಸುವಿನೆಲೆಯ ಮೇಲೆ ಮಳೆನೀರು ಉರುಳಿ ಬಿದ್ದುಹೋಗಿದೆ, ಇದರ ಅಂಚಿನಲ್ಲಿ ಮಾತ್ರ ಒಂದೊಂದೇ ಹನಿ, ಅಳೆದು ಇಟ್ಟಂತೆ. ಬೆರಳಿನಿಂದ ಒರೆಸಿ ನಿಂತ. ಸ್ವಲ್ಪ ಹೊತ್ತಿನಲ್ಲಿ ಅದೇ ಜಾಗದಲ್ಲಿ ಮತ್ತೆ ಹನಿ ಮೂಡಿತು. ನಲವತ್ತು ವರ್ಷ ಹೊಂಬಾಳೆಯ ತುದಿಯನ್ನು ನೋಡಿದ ಕಣ್ಣು ಅದು. ಮೇಲಿನಿಂದ ಬಿದ್ದ ನೀರು ಯಾವುದು, ಒಳಗಿನಿಂದ ಬಂದ ನೀರು ಯಾವುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆ ಸಂಜೆ ಚಿಗುರನ್ನು ಚೆನ್ನಾಗಿ ಒರೆಸಿ, ಮೇಲೆ ಒಂದು ಮಣ್ಣಿನ ಮಡಕೆ ಕವುಚಿಟ್ಟ. ಬೆಳಿಗ್ಗೆ ಹೆಂಡತಿಯನ್ನು ಕೈಹಿಡಿದು ಕರೆದುಕೊಂಡು ಹೋಗಿ ಮಡಕೆ ಎತ್ತಿದ. ಮಡಕೆಯ ಒಳಗೆ ಮಳೆ ಬಿದ್ದಿಲ್ಲ. ಎಲೆಯ ಅಂಚಿನಲ್ಲಿ ಮಾತ್ರ ಸಾಲಾಗಿ ಹನಿ.

ದೂಮಪ್ಪ ಒಂದು ಹನಿಯನ್ನು ನಾಲಗೆಗೆ ಮುಟ್ಟಿಸಿದ. "ಸಿಹಿ ಇಲ್ಲ. ಚೂರು ಉಪ್ಪು," ಅಂದ. "ಇದನ್ನು ಯಾರೂ ಎಳೀತಾ ಇಲ್ಲ ವಾರಿಜಾ. ಬೇರೇ ತಳ್ತಾ ಉಂಟು. ನಿನ್ನ ಮೊಣಕಾಲಿನದ್ದು ಹೀಗೆ ಯಾಕೆ ಹನಿ ಹಾಕುದಿಲ್ಲ? ಎರಡೂ ಬಸಳೆಯೇ ಅಲ್ವಾ?"

ವಾರಿಜಕ್ಕ ಮುಖ ತಗ್ಗಿಸಿದಳು. "ಎರಡೂ ಒಂದೇ ಬಸಳೆ," ಅಂದಳು, ಮತ್ತೆ ಎಲ್ಲವನ್ನೂ ಹೇಳಿದಳು.

ದೂಮಪ್ಪ ಬೈಯಲಿಲ್ಲ. ಮಡಕೆಯನ್ನು ಮತ್ತೆ ಕವುಚಿ ಕಲ್ಲಿನ ಮೇಲೆ ಕೂತ. "ಹೇಳಿದ್ರೆ ನಿನ್ನನ್ನು ತೆಗೆದುಹಾಕ್ತಾರೆ. ಸಹಿ ಹಾಕಿದ್ದೀ."

"ಹೇಳದಿದ್ರೂ ಐವತ್ತು ದಾಟ್ತದೆ."

"ದಾಟ್ಲಿಕ್ಕಿಲ್ಲ. ಈ ಮಳೆ ಬಿಟ್ಟರೆ..."

"ನನ್ನ ಒಬ್ಬಳ ಕಾಲಾ?" ಅಂದಳು ವಾರಿಜಕ್ಕ. "ಇನ್ನು ಎಂಟು ಜನ ಇದ್ದಾರೆ ಅಲ್ಲಿ. ಅವರೂ ಚಪ್ಪಲಿ ತಗೊಂಡಿರ್ತಾರೆ. ಆ ಡಾಕ್ಟ್ರು ನನ್ನ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡವರು. ಅವರಿಗೆ ಸುಳ್ಳು ಹೇಳಿ ಈ ಕಾಲು ಇಟ್ಟುಕೊಂಡು ಎಲ್ಲಿಗೆ ನಡೆಯುದು ನಾನು?"

ಮಾರನೆಯ ದಿನ ಚಿಗುರಿನ ಎರಡು ದಂಟನ್ನು ಸ್ವಲ್ಪ ಬೇರಿನ ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೇಂದ್ರದವರದೇ ಚೀಲದಲ್ಲಿ ಬಾಯಿ ಮುಚ್ಚಿ ತಂದು ಡಾಕ್ಟರ ಮೇಜಿನ ಮೇಲೆ ಇಟ್ಟಳು. "ಇದು ನಿಮ್ಮದು ಡಾಕ್ಟ್ರೇ. ನಾನು ಕದ್ದದ್ದು."

ನೀಲಗಂಗಾ ಡಾಕ್ಟರು ಪೂರ್ತಿ ಕೇಳಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಸಿಟ್ಟು ಬಂದಿತ್ತು, ಬರದೆ ಇರುತ್ತದೆಯೇ? "ಎಷ್ಟು ಸಲ ಹೇಳಿದ್ದೆನವ್ವಾ ನಿಮಗ? ಇದು ಊರೆಲ್ಲಾ ಹಬ್ಬಿದ್ರ ನಾನು ಯಾರಿಗೆ ಏನಂತ ಹೇಳ್ಲಿ? ಯಾರಿಗಾದ್ರೂ ಕೊಟ್ಟೀರೇನು?"

"ಇಲ್ಲ. ಲಿಲ್ಲಿ ಬಾಯಿ ಕೇಳಿದಳು, ಕೊಡ್ಲಿಲ್ಲ. ಎರಡು ತಿಂಗಳಾಯ್ತು, ಅವಳು ನನ್ನ ಹತ್ರ ಮಾತಾಡುದಿಲ್ಲ."

ಡಾಕ್ಟರಿಗೆ ಸಿಟ್ಟಿನ ಮುಖದಲ್ಲೇ ನಗು ಬಂದುಬಿಟ್ಟಿತು. ಆಗ ದೂಮಪ್ಪ ಮಡಕೆಯ ವಿಷಯ ಹೇಳಿದ. ಡಾಕ್ಟರ ನಗು ನಿಂತಿತು. ಎರಡು ಸಲ ಹೇಳಿಸಿದರು. ಬೇರಿದ್ದ ದಂಟನ್ನು ನೀರಿಗೆ ಹಾಕಿ, ಮೇಲೆ ಗಾಜಿನ ಜಾಡಿ ಕವುಚಿ, ಮೂವರೂ ಎದುರಿಗೆ ಕೂತರು. ಊಟದ ಹೊತ್ತು ಮೀರಿತು. ಯಾರಿಗೂ ಏಳುವ ಮನಸ್ಸಿಲ್ಲ. ಒಂದೂವರೆ ಗಂಟೆಯ ಮೇಲೆ ಎಲೆಯ ಅಂಚಿನಲ್ಲಿ ಒಂದು ಹನಿ ಮೂಡಿತು.

ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತರು. "ತಪ್ಪು ನಂದೈತ್ರಿ," ಅಂದರು.

ಆಮೇಲೆ ವಿವರಿಸಿದರು. ಎಲೆ ಎಳೆಯದ ಹೊತ್ತಿನಲ್ಲಿ ಗಿಡ ಸುಮ್ಮನಿರುವುದಿಲ್ಲ. ಬೇರು ಉಪ್ಪನ್ನು ಒಳಗೆ ತುಂಬಿಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ನುಗ್ಗುತ್ತದೆ, ಆ ಒತ್ತಡಕ್ಕೆ ರಸ ಮೇಲೇರಿ ಎಲೆಯಂಚಿನ ಸಣ್ಣ ಬಾಯಿಗಳಿಂದ ಹನಿಯಾಗಿ ಹೊರಗೆ ಬೀಳುತ್ತದೆ. ಪ್ರಯೋಗಾಲಯದ ಬಸಳೆಗೆ ಆ ಬಾಯಿಗಳನ್ನು ಮುಚ್ಚಿದ್ದರು. ಮುಚ್ಚಿದ ತಿದ್ದುಪಡಿ ಇದ್ದದ್ದು ಗಿಡದ ಹೊರಪದರದಲ್ಲಿ ಮಾತ್ರ. ದಂಟು ಊರಿದರೆ ತಿದ್ದಿದ ಬಸಳೆಯೇ ಬರುತ್ತದೆ. ಆದರೆ ಬೇರಿನಿಂದ ಎದ್ದ ಚಿಗುರು ಒಳಪದರದ ಮಗು, ಅದಕ್ಕೆ ಬಾಯಿ ತೆರೆದೇ ಇರುತ್ತದೆ. ಹೇಂಟೆ ಕುಕ್ಕದೆ ಇದ್ದಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ.

"ಹಾಗಾದ್ರೆ ನನ್ನ ಎಲೆಯಲ್ಲಿ ಕಪ್ಪು ಕಪ್ಪು ಕಾಣುದು?"

"ಕೊಳೆ ಅಲ್ಲವ್ವಾ. ಬೇರು ತಳ್ಳಾಕತ್ತೈತಿ, ಹೊರಗ ಹೋಗಾಕ ದಾರಿ ಇಲ್ಲ, ಎಲಿಯಾಗ ನೀರು ನಿಂತೈತಿ. ನೀವು ಹೇಳಿದ್ರಿ, ನಾನು ಔಷಧ ಹಚ್ಚಿದೆ."

"ಬಾಯಿ ಮುಚ್ಚಿದ್ದು ಎಂತಕ್ಕೆ ಡಾಕ್ಟ್ರೇ?"

ಡಾಕ್ಟರು ಗಾಜಿನೊಳಗಿನ ಹನಿಯ ಕಡೆ ನೋಡಿದರು. "ನಮ್ಮವ್ವನ ಸಲುವಾಗಿ. ಆಪರೇಶನ್ ಆದಮ್ಯಾಲೆ ಅಕಿ ಕೈ ಬಾತಿತ್ತು. ಮೊದಲನೇ ಎಲಿಪಟ್ಟಿ ಅಕಿಗೇ ಕಟ್ಟಿದ್ದು. ಮುಂಜಾನೆ ಎದ್ರ ಕುಬಸದ ತೋಳು ಒದ್ದಿ, ಹಾಸಿಗಿ ಒದ್ದಿ. ಮಂದಿ ಏನಂದಾರು ಅಂತ ಅಳತಿದ್ಲು. ಅದಕ್ಕ ಮುಚ್ಚಿಬಿಟ್ಟೆ. ಒಣಾ ಗಾಳಿಯಾಗ ಅದು ಬೇಕಾಗಲೇ ಇಲ್ಲ."

ವಾರಿಜಕ್ಕ ಕೈ ಚಾಚಿ ಡಾಕ್ಟರ ಕೈ ಹಿಡಿದುಕೊಂಡಳು. ಆ ಅಮ್ಮನ ನಾಚಿಕೆ ಅವಳಿಗೆ ಗೊತ್ತಿರದ ನಾಚಿಕೆಯಲ್ಲ. "ನನ್ನ ಸೀರೆ ಒದ್ದೆಯಾಗ್ಲಿ," ಅಂದಳು. "ಮಳೆಗಾಲದಲ್ಲಿ ಇಲ್ಲಿ ಯಾರ ಸೀರೆ ಒಣಗಿರ್ತದೆ?"

ಸಮಿತಿಗೆ ಬರೆದ ವರದಿಯಲ್ಲಿ ಡಾಕ್ಟರು ಎರಡು ತಪ್ಪನ್ನೂ ಬರೆದರು, ತಮ್ಮದನ್ನು ಮೊದಲು. ಉತ್ತರ ಬರಲು ಐದು ದಿನ ಹಿಡಿಯಿತು. ಆ ಐದು ದಿನ ವಾರಿಜಕ್ಕ ಅನ್ನ ಸೇರದೆ ಕೂತಳು. ಕಾಲು ನಲವತ್ತೊಂಬತ್ತಕ್ಕೆ ಬಂತು. ಕೊನೆಗೆ ಬಂದ ಮಾತು ಹೀಗಿತ್ತು. ಮನೆಯ ಹಿಂದಿನ ಗಿಡವನ್ನು ಕೇಂದ್ರದವರ ಎದುರಿನಲ್ಲೇ ಬೇರುಸಹಿತ ಕಿತ್ತು ಒಪ್ಪಿಸಬೇಕು, ಇನ್ನೊಮ್ಮೆ ಹೀಗಾದರೆ ಕ್ಷಮೆಯಿಲ್ಲ. ಸದ್ಯಕ್ಕೆ ವಾರಿಜಕ್ಕನ ಪಟ್ಟಿಯ ದಂಟಿಗೆ ಮಾತ್ರ ಹೊಸ ಚಿಗುರನ್ನು ಕಸಿ ಮಾಡಿ ನೋಡಬಹುದು. ಆಗಸ್ಟ್ ಇಪ್ಪತ್ತರಂದು ಅಳತೆ. ಐವತ್ತು ದಾಟಿದ್ದರೆ ಎಲ್ಲರ ಪಟ್ಟಿಯನ್ನೂ ತೆಗೆದು ಕೆಲಸವನ್ನೇ ನಿಲ್ಲಿಸಬೇಕು.

ಕಸಿ ಮಾಡಲು ಮೈ ಕೊಯ್ಯಬೇಕಾಗಿರಲಿಲ್ಲ. ಮೊಣಕಾಲಿನ ಕೆಳಗೆ ಹೊರಗೆ ಬಂದ ದಂಟನ್ನು ಓರೆಯಾಗಿ ಕತ್ತರಿಸಿ, ಹೊಸ ಚಿಗುರನ್ನು ಅದಕ್ಕೆ ಕೂಡಿಸಿ, ನಾಳಕ್ಕೆ ನಾಳ ಸೇರುವಂತೆ ಕಟ್ಟಿದರು. ದೂಮಪ್ಪ ಕಟ್ಟನ್ನು ನೋಡಿ ಮೂಗು ಮುರಿದ. "ಇದು ಜಾರ್ತದೆ," ಅಂದು, ಡಾಕ್ಟರ ಒಪ್ಪಿಗೆ ಕೇಳಿ, ಹೊಂಬಾಳೆಗೆ ಹಾಕುವ ಗಂಟನ್ನು ಹಾಕಿಕೊಟ್ಟ.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಐದಕ್ಕೆ ವಾರಿಜಕ್ಕನಿಗೆ ಎಚ್ಚರವಾಯಿತು. ಪಾತ್ರೆಯ ಸದ್ದಿಲ್ಲ. ದೂಮಪ್ಪ ಟಾರ್ಚು ಹಿಡಿದು ಅವಳ ಕಾಲಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಎಲೆಯ ಅಂಚಿನಲ್ಲಿ ಹನಿ ತುಂಬುತ್ತಿತ್ತು. ತುಂಬಿ, ತೂಗಿ, ಅವಳ ಮೀನಖಂಡದ ಮೇಲೆ ತಣ್ಣಗೆ ಬಿತ್ತು.

"ನಾಲಗೆಗೆ ಮುಟ್ಟಿಸ್ಬೇಡಿ," ಅಂದಳು ವಾರಿಜಕ್ಕ.

ಅವನು ಅಂಗಿಯ ಜೇಬಿನಿಂದ ಒಂದು ಪುಟ್ಟ ತೆಂಗಿನ ಗೆರಟೆ ತೆಗೆದ. ಅಂಚು ನುಣ್ಣಗೆ ಉಜ್ಜಿ, ಎರಡು ತೂತು ಕೊರೆದು, ನಾರಿನ ಹುರಿ ಪೋಣಿಸಿ ಯಾವಾಗಲೋ ತಯಾರು ಮಾಡಿಟ್ಟಿದ್ದ. ಅದನ್ನು ಎಲೆಯ ತುದಿಗೆ ಸರಿಯಾಗಿ, ಮೊಣಕಾಲಿನ ಪಟ್ಟಿಗೆ ಕಟ್ಟಿದ. ಕಟ್ಟಿ ಮುಗಿಸಿ, ತಲೆಯೆತ್ತಿ ಹೆಂಡತಿಯನ್ನು ನೋಡಿದ. "ಇಷ್ಟು ಗಿಡ್ಡ ಮರ ನಾನು ಹತ್ತಿದ್ದೇ ಇಲ್ಲ."

"ಮರ ಒದ್ದರೆ ಗೊತ್ತಾಗ್ತದೆ ನಿಮಗೆ," ಅಂದಳು ಅವಳು. ಆದರೆ ಕಾಲನ್ನು ಅಲುಗಿಸಲಿಲ್ಲ. ಆ ದಿನದಿಂದ ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆಗೊಮ್ಮೆ ಅವನು ಗೆರಟೆ ಬಿಚ್ಚಿ, ಬಂದಷ್ಟನ್ನು ನೋಡಿ, ಕೇಂದ್ರದವರು ಕೊಟ್ಟ ಬಾಟಲಿಗೆ ಬಗ್ಗಿಸುತ್ತಿದ್ದ. ಅಡುಗೆಮನೆಯ ಪಾತ್ರೆಗಳಿಗೆ ಕೊನೆಗೂ ವಿಶ್ರಾಂತಿ ಸಿಕ್ಕಿತು.

ಆಗಸ್ಟ್ ಇಪ್ಪತ್ತರಂದು ಕೇಂದ್ರದ ಟೇಪು ನಲವತ್ತೊಂದು ತೋರಿಸಿತು. ಉಳಿದ ಎಂಟು ಜನರಿಗೂ ಹೊಸ ಚಿಗುರು ಕಟ್ಟುವುದೆಂದು ಅಲ್ಲಿಯೇ ಗೊತ್ತಾಯಿತು. ಆದರೆ ವಾರಿಜಕ್ಕನಿಗೆ ತನ್ನ ಅಳತೆ ತಿಳಿದದ್ದು ಟೇಪಿಗಿಂತ ಮೊದಲೇ, ಬೆಳಿಗ್ಗೆ ಏಳಕ್ಕೆ, ಮನೆಯ ಮೆಟ್ಟಿಲಿನಲ್ಲಿ.

ಹೊರಡುವ ಹೊತ್ತು. ಹೊರಗೆ ಮಳೆ. ಅವಳು ಮೆಟ್ಟಿಲಿನ ಮೇಲೆ ಕೂತು ಎಡಗಾಲಿಗೆ ಪಂಚೆಯ ತುಂಡು ಸುತ್ತಲು ಹೊರಟಿದ್ದಳು. ದೂಮಪ್ಪ ಕಟ್ಟಿಗೆ ಕೊಟ್ಟಿಗೆಯ ಕಡೆಯಿಂದ ಬಂದು ಅವಳ ಎದುರು ಚಪ್ಪಲಿಯ ಜೊತೆಯನ್ನು ಇಟ್ಟ. ಜೂನಿನಲ್ಲಿ ಅವಳು ಎಸೆದ ಚಪ್ಪಲಿ. ಆ ಮಳೆಗಾಲದಲ್ಲಿ ಮನೆಯ ಬೆಲ್ಟಿಗೆ ಬೂಸಲು ಹಿಡಿದಿತ್ತು, ಬ್ಯಾಗಿಗೆ ಹಿಡಿದಿತ್ತು, ಗೋಡೆಯ ಮದುವೆ ಫೋಟೋಗೂ ಹಿಡಿದಿತ್ತು. ಚಪ್ಪಲಿಯ ಮೇಲೆ ಒಂದು ಚುಕ್ಕೆ ಬೂಸಲಿಲ್ಲ. ಚರ್ಮ ಕೊಬ್ಬರಿ ಎಣ್ಣೆ ಕುಡಿದು ಹೊಳೆಯುತ್ತಿತ್ತು.

ವಾರಿಜಕ್ಕ ಕೈಯಲ್ಲಿ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಯಾವಾಗ ಒರೆಸಿದ್ರಿ ಇದನ್ನು?"

"ಪ್ರತಿ ಭಾನುವಾರ."

"ಜೂನಿನಿಂದಲಾ? ಕಾಲು ನಲವತ್ತೊಂಬತ್ತು ಇದ್ದಾಗಲೂ?"

"ಆಗಲೂ," ಅಂದ ದೂಮಪ್ಪ. "ಚರ್ಮ ಅಲ್ವಾ, ಬಿಟ್ರೆ ಹಾಳಾಗ್ತದೆ."

ಅವಳಿಗೆ ಅಳು ತಡೆಯಲಾಗಲಿಲ್ಲ, ತಡೆಯಲು ಹೋಗಲೂ ಇಲ್ಲ. ಈ ಮನುಷ್ಯನ ಮೇಲೆ ಇಷ್ಟು ಪ್ರೀತಿ ತನ್ನೊಳಗೆ ಎಲ್ಲಿತ್ತೋ ಎಂದು ಅವಳಿಗೇ ಆಶ್ಚರ್ಯವಾಯಿತು. ದೂಮಪ್ಪ ಕೆಳಗಿನ ಮೆಟ್ಟಿಲಿನಲ್ಲಿ ಕೂತು, ಗೆರಟೆಗೆ ತಾಗದ ಹಾಗೆ ಸೀರೆಯ ಅಂಚನ್ನು ಸರಿಸಿ, ಅವಳ ಎಡಗಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಬೆರಳುಗಳು ಒಳಗೆ ಹೋದವು. ಹಿಮ್ಮಡಿ ಕೂತಿತು. ಬಕಲಿನ ಪಟ್ಟಿಯನ್ನು ಅವನು ಮೆಲ್ಲನೆ ಎಳೆದು, ಮೂರನೆಯ ತೂತಿಗೆ ಹಾಕಿದ.